ಒಬ್ಬರಿಗೆ ಅರ್ಧ ಪಾವು ಅಕ್ಕಿ

ಗಾಂಧೀಜಿಯವರ ಆತ್ಮಕಥೆಯಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಪಟ್ಟಣವು ಒಂದು ಚಿಕ್ಕ ಪ್ರಸಂಗದಲ್ಲಿ ಬಂದುಹೋಗುತ್ತದೆ. ಕಾನೂನು ಕಲಿಯಲೆಂದು 1888ರಲ್ಲಿ ಲಂಡನ್ನಿಗೆ ಹೋಗಿದ್ದ ತರುಣ ಮೋಹನದಾಸರು 1890ರ ಸುಮಾರಿಗೆ ಈ ಪಟ್ಟಣದ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಿದ್ದಾರೆ. ತಿನಿಸುಗಳ ಪಟ್ಟಿ ಫ್ರೆಂಚ್ ಭಾಷೆಯಲ್ಲಿದೆ. ಅದು ಅವರಿಗೆ ಬಾರದು. ಮಾಂಸವಿಲ್ಲದ ತಿನಿಸು ಯಾವುದೆಂದು ತಿಳಿಯದೆ ಕಂಗೆಟ್ಟು ಕುಳಿತವರನ್ನು ಅದೇ ಮೇಜಿನಲ್ಲಿದ್ದ ವೃದ್ಧ ವಿಧವೆಯೊಬ್ಬರು ಗಮನಿಸುತ್ತಾರೆ. ಪಟ್ಟಿಯನ್ನು ಬಿಡಿಸಿ ಹೇಳಿ, ಯಾವುದನ್ನು ತಿನ್ನಬಹುದೆಂದು ತೋರಿಸಿಕೊಡುತ್ತಾರೆ. ಆ ಪರಿಚಯ ಬೆಳೆದು, ಲಂಡನ್ನಿನ ತಮ್ಮ ಮನೆಗೆ ಭಾನುವಾರಗಳಂದು ಊಟಕ್ಕೆ ಬರುವಂತೆ ಆಕೆ ಅವರನ್ನು ಕರೆಯುತ್ತಾರೆ. ವಿವಾಹಿತನೆಂಬುದನ್ನು ಮುಚ್ಚಿಟ್ಟು ಆಮೇಲೆ ಪತ್ರ ಬರೆದು ತಿಳಿಸಿದ ಸಂಗತಿ ಈ ಪ್ರಸಂಗದ ಮುಂದಿನ ಭಾಗವಾದ್ದರಿಂದ, ಓದುಗರ ಗಮನವೆಲ್ಲ ಆ ಸತ್ಯಾಸತ್ಯದ ಪ್ರಶ್ನೆಯ ಮೇಲೆಯೇ ನಿಲ್ಲುತ್ತದೆ. ನನಗೆ ಮಾತ್ರ ಅದರ ಮೊದಲ ಭಾಗವೇ ಹೆಚ್ಚು ಅರ್ಥವತ್ತಾಗಿ ಕಂಡಿದೆ. ಹಸಿದವನ ಮುಂದೆ ಊಟದ ಪಟ್ಟಿಯಿದೆ, ಓದಲು ಬಾರದು, ಓದಬಲ್ಲವರೊಬ್ಬರು ಪಕ್ಕದಲ್ಲಿದ್ದಾರೆ. ಆ ತರುಣ ಹಾಗೆ ತಡಕಾಡಿದ್ದು ತಾಯಿಗೆ ಕೊಟ್ಟ ಮಾತಿಗಾಗಿ ಎಂಬುದನ್ನೂ ನೆನೆಯಬೇಕು. ಮದ್ಯ, ಮಾಂಸ, ಪರಸ್ತ್ರೀಯರಿಂದ ದೂರವಿರುವ ಆ ವ್ರತವನ್ನು ಪುತಲೀಬಾಯಿಯವರ ಸಮಾಧಾನಕ್ಕಾಗಿ ಬೋಧಿಸಿದವರು ಜೈನ ಮುನಿಗಳಾಗಿದ್ದ ಬೇಚರಜೀ ಸ್ವಾಮಿಗಳು.

ಈ ಪ್ರಸಂಗವನ್ನು ವರ್ಷಗಟ್ಟಲೆ ತರಗತಿಯಲ್ಲಿ ಹೇಳುತ್ತ ಬಂದಿದ್ದರೂ ಬ್ರೈಟನ್ನನ್ನು ಕಣ್ಣಾರೆ ಕಾಣುವ ಯೋಗ ಒದಗಿದ್ದು 2023ರ ಮೇ ತಿಂಗಳ ಕೊನೆಯ ವಾರದಲ್ಲಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೆಲವು ಕನ್ನಡ ಮುದ್ರಿತ ಪುಸ್ತಕಗಳನ್ನು ನೋಡುವ ಕೆಲಸವಿತ್ತು. ಎಲ್. ಡಿ. ಬಾರ್ನೆಟ್ ಅವರು 1910ರಲ್ಲಿ ಸಿದ್ಧಪಡಿಸಿದ ಕನ್ನಡ, ಬಡಗ ಮತ್ತು ಕೊಡಗು ಪುಸ್ತಕಗಳ ಸೂಚಿಯನ್ನು ಹಿಡಿದು ಹದಿನೈದು ದಿನ ಅಲ್ಲಿ ಕುಳಿತಿದ್ದೆ. ನಡುವೆ ಸಿಕ್ಕ ನಾಲ್ಕು ದಿನಗಳ ಬಿಡುವಿನಲ್ಲಿ ಬ್ರೈಟನ್ನಿಗೆ ಅಂಟಿಕೊಂಡಿರುವ ಹೋವ್‌ನಲ್ಲಿ ನೆಲೆಸಿರುವ ಗೆಳೆಯನ ಮನೆಗೆ ಹೋದೆ. ಶಿವಮೊಗ್ಗೆಯಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಅವನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಹುಡುಗ. ಎಂಜಿನಿಯರಾಗಿ 1991ರಲ್ಲಿ ಇಂಗ್ಲೆಂಡಿಗೆ ಹೋದವನು ಅಲ್ಲೇ ಬೇರೂರಿದ. ನಾನು ಹಳಗನ್ನಡದಲ್ಲಿ ಉಳಿದೆ. ಊರಿಗೆ ಬಂದಾಗಲೆಲ್ಲ ಭೇಟಿಯಾಗುತ್ತಿದ್ದೆವಾದರೂ ಅವನ ಮನೆಯಲ್ಲಿ ನಾನು ಉಂಡದ್ದು ಇದೇ ಮೊದಲು.

ವಿಕ್ಟೋರಿಯಾ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. 1841ರಲ್ಲಿ ಈ ರೈಲು ಬಂದ ಮೇಲೆಯೇ ಬ್ರೈಟನ್ ಲಂಡನ್ನಿನ ಸಾಮಾನ್ಯರ ವಿಹಾರಸ್ಥಳವಾದದ್ದು. ಅದಕ್ಕೂ ಮೊದಲು, ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ, ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರದ ನೀರಿನ ಸ್ನಾನ ಪಾನಗಳಿಂದ ರೋಗ ಗುಣವಾಗುತ್ತದೆಂದು ಬರೆದು, ಮೀನುಗಾರರ ಹಳ್ಳಿಯಾಗಿದ್ದ ಊರಿಗೆ ಸಿರಿವಂತರು ಬರುವಂತೆ ಮಾಡಿದ್ದರು. ಕಡಲಂಚಿನಲ್ಲಿ ಇಳಿದಾಗ ಕಾಲಿಗೆ ಸಿಕ್ಕಿದ್ದು ಮರಳಲ್ಲ, ಗುಂಡುಗಲ್ಲು. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಒಂದರ ಮೇಲೊಂದು ಉರುಳಿ, ದೂರದಲ್ಲಿ ಯಾರೋ ಅಡಿಕೆ ಹರವುತ್ತಿರುವಂತೆ ಸದ್ದಾಗುತ್ತದೆ. 1866ರಲ್ಲಿ ತೆರೆದ ಪಶ್ಚಿಮದ ಕಟ್ಟೆಸೇತುವೆ 2003ರಲ್ಲಿ ಬೆಂಕಿಗೆ ಸಿಕ್ಕಿ, ಈಗ ಅದರ ಕಬ್ಬಿಣದ ಅಸ್ಥಿಪಂಜರ ಮಾತ್ರ ನೀರಿನಲ್ಲಿ ನಿಂತಿದೆ. "ಮರವಂತೆ ನೋಡಿದವನಿಗೆ ಇದೇನು ಕಡಲು ಅನ್ನಿಸುತ್ತದೆ ಮಾರಾಯ, ಆದರೆ ಮೂವತ್ತು ವರ್ಷ ದಿನಾ ನೋಡಿದರೆ ಇದೂ ನಮ್ಮದೇ ಆಗುತ್ತದೆ" ಎಂದ ಗೆಳೆಯ.

ಊಟದ ವಿಚಾರದಲ್ಲಿ ನನಗೆ ಕೆಲವು ಕಟ್ಟುಗಳಿವೆ. ನೆಲದಡಿಯ ಗೆಡ್ಡೆಗಳನ್ನು ತಿನ್ನುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಪರಸ್ಥಳದಲ್ಲಿ ಇದು ಅತಿಥೇಯರಿಗೆ ಹೊರೆಯಾದೀತೆಂಬ ಸಂಕೋಚ ನನ್ನಲ್ಲಿತ್ತು. ಗೆಳೆಯನ ಹೆಂಡತಿ ನಕ್ಕರು. "ಅಣ್ಣಾ, ಈ ತಿಂಗಳು ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತಕ್ಕೆ. ನೀವು ಎಂಟೂವರೆಗೆ ಕುಳಿತರೂ ವ್ರತಭಂಗವಿಲ್ಲ. ಡಿಸೆಂಬರಿನಲ್ಲಿ ಬಂದಿದ್ದರೆ ಮಧ್ಯಾಹ್ನ ಮೂರೂವರೆಗೇ ಎಲೆ ಹಾಕಬೇಕಿತ್ತು" ಎಂದರು.

ಆ ಮೊದಲ ದಿನದ ಊಟವನ್ನು ವಿವರವಾಗಿ ಹೇಳಬೇಕು. ಕೇರಳದವರ ಅಂಗಡಿಯಿಂದ ತಂದ ಕೆಂಪು ಕುಚ್ಚಲಕ್ಕಿಯ ಅನ್ನ, ಮೆಂತ್ಯದ ತಂಬುಳಿ, ಹೆಸರುಬೇಳೆಯ ತೊವ್ವೆ, ಬೀನ್ಸಿನ ಪಲ್ಯ, ಊರಿನಿಂದ ಬಂದ ಅಪ್ಪೆಮಿಡಿಯ ಉಪ್ಪಿನಕಾಯಿ. ಇವುಗಳ ಜೊತೆಗೆ ಬಟ್ಟಲಲ್ಲಿ ತಿಳಿಯಾದ ಅಪ್ಪೆಹುಳಿ. ಮಾವಿನಕಾಯಿ ಎಲ್ಲಿ ಸಿಕ್ಕಿತೆಂದು ಕೇಳಿದೆ. ಅದು ಮಾವಲ್ಲ, ಬ್ರಾಮ್ಲಿ ಎಂಬ ಹುಳಿ ಸೇಬು. ಇಲ್ಲಿನವರು ಅದನ್ನು ಹಸಿಯಾಗಿ ತಿನ್ನುವುದಿಲ್ಲ, ಸಕ್ಕರೆ ಹಾಕಿ ಬೇಯಿಸಿ ಸಿಹಿ ಮಾಡಲಷ್ಟೇ ಬಳಸುತ್ತಾರೆ. ಬೇಯಿಸಿದರೆ ಅದು ಮಾವಿನಕಾಯಿಯಂತೆಯೇ ಕರಗಿ ಹಿಟ್ಟಾಗುತ್ತದೆ. ಅದನ್ನು ಕಿವುಚಿ, ನೀರು ಬೆರೆಸಿ, ಉಪ್ಪು, ಸೂಜಿಮೆಣಸು ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ, ಹುಳಿಯೇನೋ ಬರುತ್ತದೆ. ಅಪ್ಪೆಮಿಡಿಯ ಸೊನೆಯ ಘಮ ಮಾತ್ರ ಬರುವುದಿಲ್ಲ. ಕಿಟಕಿಯ ಒಳಗಟ್ಟೆಯ ಮೇಲೆ ಕುಂಡದಲ್ಲಿ ದೊಡ್ಡಪತ್ರೆಯಿತ್ತು. ಹೊರಗಿಟ್ಟರೆ ಚಳಿಗಾಲದ ಹಿಮಕ್ಕೆ ಸಾಯುತ್ತದೆಂದು ಮೂವತ್ತು ವರ್ಷಗಳಿಂದ ಕುಡಿ ಚಿವುಟಿ ನೆಟ್ಟು, ಒಂದು ಗಿಡದಿಂದ ಇನ್ನೊಂದನ್ನು ಮಾಡುತ್ತ ಉಳಿಸಿಕೊಂಡು ಬಂದಿದ್ದಾರೆ. ಹಸ್ತಪ್ರತಿಗಳ ಪ್ರತಿಪರಂಪರೆಯೆಂದರೆ ಇದೇ ಅಲ್ಲವೇ ಎಂದುಕೊಂಡೆ.

ಮರುದಿನ ಗೆಳೆಯ ರಾಯಲ್ ಪೆವಿಲಿಯನ್ನಿಗೆ ಕರೆದೊಯ್ದ. ಮುಂದೆ ನಾಲ್ಕನೆಯ ಜಾರ್ಜ್ ಆಗಿ ಪಟ್ಟವೇರಿದ ರಾಜಕುಮಾರನ ಕಡಲತಡಿಯ ಅರಮನೆ ಅದು. ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ ಆರಂಭಿಸಿ ಅದಕ್ಕೆ ಹಿಂದೂಸ್ತಾನದ ಗುಮ್ಮಟಗಳನ್ನೂ ಮಿನಾರುಗಳನ್ನೂ ಕೊಟ್ಟ. ಆ ರಾಜನಾಗಲಿ ನ್ಯಾಶ್ ಆಗಲಿ ಭಾರತವನ್ನು ಕಂಡವರಲ್ಲ. ಒಳಗಿನ ದೊಡ್ಡ ಅಡುಗೆಮನೆಯ ಕಬ್ಬಿಣದ ಕಂಬಗಳ ನೆತ್ತಿಯಲ್ಲಿ ತಾಳೆಗರಿಗಳು ಅರಳಿವೆ. ಫ್ರಾನ್ಸಿನ ಪ್ರಸಿದ್ಧ ಪಾಕಶಾಸ್ತ್ರಜ್ಞ ಕರೇಮ್ ಕೆಲವು ತಿಂಗಳು ಇಲ್ಲಿ ಅಡುಗೆ ಮಾಡಿದ. 1817ರ ಜನವರಿ 18ರ ಒಂದೇ ರಾತ್ರಿಯ ಔತಣದ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಭಕ್ಷ್ಯಗಳಿವೆ. ಪಟ್ಟಿಯ ಭಾಷೆ ಫ್ರೆಂಚ್.

ಇದೇ ಕಟ್ಟಡ ಒಂದು ಶತಮಾನದ ಬಳಿಕ ಬೇರೆಯೇ ಅಡುಗೆಯನ್ನು ಕಂಡಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಪೆವಿಲಿಯನ್ ಆಸ್ಪತ್ರೆಯಾಗಿತ್ತು. ಅಲ್ಲಿ ಒಂಬತ್ತು ಅಡುಗೆಮನೆಗಳನ್ನು ಏರ್ಪಡಿಸಿದ್ದರು: ಮುಸಲ್ಮಾನರಿಗೆ ಬೇರೆ, ಮಾಂಸ ತಿನ್ನುವ ಹಿಂದೂಗಳಿಗೆ ಬೇರೆ, ಸಸ್ಯಾಹಾರಿಗಳಿಗೆ ಬೇರೆ. ಕುಡಿಯುವ ನೀರಿನ ನಲ್ಲಿಗಳೂ ಬೇರೆ ಬೇರೆ. ಫಲಕಗಳು ಉರ್ದು, ಹಿಂದಿ, ಗುರುಮುಖಿಗಳಲ್ಲಿ. ಸೈನಿಕರ ನಿಷ್ಠೆ ಸಡಿಲಬಾರದೆಂಬ ಸಾಮ್ರಾಜ್ಯದ ಲೆಕ್ಕಾಚಾರ ಇದರ ಹಿಂದಿತ್ತೆಂಬುದು ನಿಜ. 1857ರ ನೆನಪು ಆಳುವವರಲ್ಲಿ ಮಾಸಿರಲಿಲ್ಲ. ಹಾಗಿದ್ದರೂ, ಭಾಷೆ ತಿಳಿಯದ ದೇಶದಲ್ಲಿ ನೋವಿನಿಂದ ಮಲಗಿದ ಯಾವನೋ ರೈತನ ಮಗನಿಗೆ ಆ ಅಡುಗೆಮನೆಯೊಂದರಿಂದ ಬಂದ ಬಿಸಿ ರೊಟ್ಟಿ ಏನಾಗಿ ಕಂಡಿದ್ದೀತು ಎಂಬುದು ಬೇರೆಯ ಪ್ರಶ್ನೆ. ಅದು ಆಡಳಿತದ ಕಡತಗಳಲ್ಲಿ ದಾಖಲಾಗುವ ಸಂಗತಿಯಲ್ಲ.

ಬದುಕುಳಿಯದೆ ಹೋದ ಹಿಂದೂ ಮತ್ತು ಸಿಖ್ ಸೈನಿಕರಲ್ಲಿ 53 ಮಂದಿಯನ್ನು ಊರ ಹೊರಗಿನ ಪ್ಯಾಚಮ್ ಬಳಿಯ ಗುಡ್ಡದಲ್ಲಿ ದಹಿಸಲಾಯಿತು. ಆ ಸ್ಥಳದಲ್ಲಿ ಬಿಳಿಯ ಅಮೃತಶಿಲೆಯ ಛತ್ರಿಯೊಂದಿದೆ. ಮುಂಬಯಿಯ ತರುಣ ಶಿಲ್ಪಿ ಇ. ಸಿ. ಹೆನ್ರಿಕ್ಸ್ ಅದರ ವಿನ್ಯಾಸಕಾರ. 1921ರ ಫೆಬ್ರವರಿ 1ರಂದು ಅದರ ಅನಾವರಣವಾಯಿತು. ಪೇಟೆಯಿಂದ ನಡೆದು ಹೋಗಬೇಕಾದ, ಕುರಿ ಮೇಯುವ ಬಯಲು. ಗಾಳಿ ಬಲವಾಗಿತ್ತು. ಗೆಳೆಯ ಹೊತ್ತು ತಂದ ಬುತ್ತಿಯನ್ನು ನಾವು ಅಲ್ಲಿ ಬಿಚ್ಚಲಿಲ್ಲ. ಸ್ವಲ್ಪ ಕೆಳಗಿಳಿದು ಬೇಲಿಯ ಮರೆಯಲ್ಲಿ ಕುಳಿತು ಮೊಸರನ್ನ ಉಂಡೆವು. ಅಲ್ಲಿಯೇ ಅವನು ಮೊದಲ ಬಾರಿಗೆ ತಾಯಿಯ ಮಾತೆತ್ತಿದ. ಆಕೆ ತೀರಿಕೊಂಡದ್ದು 2020ರ ಮೇ ತಿಂಗಳಲ್ಲಿ. ಆ ವರ್ಷದ ಮಾರ್ಚಿನಿಂದ ಭಾರತಕ್ಕೆ ಬರುವ ವಿಮಾನಗಳು ನಿಂತಿದ್ದವು. ತೋಟದಂಚಿನ ಸಂಸ್ಕಾರವನ್ನು ಅವನು ತಮ್ಮನ ಫೋನಿನ ಮೂಲಕ ನೋಡಿದ. "ಅಲ್ಲಿ ಮೇಲೆ ಇರುವ ಐವತ್ತಮೂರು ಜನರ ಮನೆಯವರಿಗೆ ಅದೂ ಸಿಗಲಿಲ್ಲವಲ್ಲ ಎಂದು ಆ ವರ್ಷ ಇಲ್ಲಿಗೆ ಹಲವು ಸಲ ನಡೆದು ಬಂದೆ" ಎಂದ. ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಸಂಜೆ ಅವನ ಮಗಳು ಒಂದು ಹಳೆಯ ಡೈರಿಯನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಇಪ್ಪತ್ತೈದರ ಹುಡುಗಿ, ಅಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡವನ್ನು ಮಲೆನಾಡಿನ ಎಳೆತದೊಂದಿಗೆ ಚೆನ್ನಾಗಿ ಮಾತನಾಡುತ್ತಾಳೆ, ಓದಲು ಬಾರದು. "ಅಂಕಲ್, ನೀವು ತಾಳೆಗರಿ ಓದುತ್ತೀರಂತೆ. ಇದನ್ನು ಓದಿ ಹೇಳುತ್ತೀರಾ? ಅಜ್ಜಿಯದು. ಚಿಕ್ಕಪ್ಪ ಕಳಿಸಿದ್ದು. ಅಪ್ಪ ಮುಟ್ಟುವುದಿಲ್ಲ, ಅಮ್ಮನಿಗೆ ಅಕ್ಷರ ಗೊತ್ತಾಗುವುದಿಲ್ಲವಂತೆ" ಎಂದಳು. ಗೆಳೆಯ ಏನೋ ನೆಪ ಹೇಳಿ ಹೊರಗೆ ಹೋದ. ಡೈರಿ 1991ನೆಯ ಇಸವಿಯದು, ಬ್ಯಾಂಕೊಂದು ಗ್ರಾಹಕರಿಗೆ ಕೊಡುವಂಥದು. ಅರ್ಧಕ್ಕಿಂತ ಕಡಿಮೆ ಪುಟಗಳಲ್ಲಿ ಬರವಣಿಗೆಯಿತ್ತು, ಮೊದಲು ನೀಲಿ ಶಾಯಿ, ಆಮೇಲೆ ಪೆನ್ಸಿಲು. ಅಕ್ಷರಗಳು ದಪ್ಪ, ಒತ್ತಕ್ಷರಗಳು ಅರೆಬರೆ, ಪದಗಳ ನಡುವೆ ತೆರಪಿಲ್ಲ. ಹಸ್ತಪ್ರತಿಗಳನ್ನು ಓದುವವರಿಗೆ ಇದು ಅಪರಿಚಿತ ಲೋಕವಲ್ಲ. ಅದರಲ್ಲಿದ್ದುದು ಅಡುಗೆಗಳು.

ಪಾಕಶಾಸ್ತ್ರವನ್ನು ಬರಹಕ್ಕೆ ತರುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಭಾಗ ಮೀಸಲಾಗಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ, 'ಸಮ್ಯಕ್ತ್ವಕೌಮುದಿ', 'ನೇಮಿಜಿನೇಶ ಸಂಗತಿ'ಗಳನ್ನು ಬರೆದ ಅದೇ ಜೈನ ಕವಿ, ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ರಚಿಸಿದ. ಮಾಂಸದ ಸೋಂಕಿಲ್ಲದ ಪಾಕಗಳ ಆ ಗ್ರಂಥವನ್ನು ನಾವು ಸಾಹಿತ್ಯ ಚರಿತ್ರೆಯಲ್ಲಿ ಶಾಸ್ತ್ರಕೃತಿಯೆಂದು ಒಂದು ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗುತ್ತೇವೆ. ಆದರೆ ಕಾವ್ಯಮೀಮಾಂಸೆಯೇ ಅಡುಗೆಮನೆಯಿಂದ ಸಾಲ ತಂದುಕೊಂಡಿದೆ ಎಂಬುದನ್ನು ಮರೆಯಬಾರದು. ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದು ಕಾವ್ಯದ ಶೈಲಿಯನ್ನು ವರ್ಗೀಕರಿಸುವಾಗ ಲಾಕ್ಷಣಿಕರು ಬಳಸಿದ್ದು ಪಾಕವೆಂಬ ಪದವನ್ನೇ. ಕನ್ನಡದ 'ಹದ' ಅದಕ್ಕಿಂತಲೂ ವಿಶಾಲವಾದ ಮಾತು. ನೆಲಕ್ಕೆ ಹದವಿದೆ, ಮಳೆಗೆ ಹದವಿದೆ, ಚರ್ಮಕ್ಕೆ, ಜೇಡಿಗೆ, ಬೆಲ್ಲದ ಪಾಕಕ್ಕೆ, ಮಾತಿಗೆ ಎಲ್ಲಕ್ಕೂ ಹದವಿದೆ.

ಶಾಸ್ತ್ರಗ್ರಂಥಕ್ಕೂ ಈ ಡೈರಿಗೂ ಇರುವ ವ್ಯತ್ಯಾಸ ಮೊದಲ ಪುಟದಲ್ಲಿಯೇ ಗೋಚರಿಸಿತು. ಮಂಗರಸ ಯಾರಿಗಾಗಿಯೂ ಬರೆಯಬಲ್ಲ. ಮುಂದೆ ಓದಬಹುದಾದ ಅನಾಮಿಕ ಪಾಕಪ್ರವೀಣನೇ ಅವನ ಓದುಗ. ಈ ತಾಯಿಯ ಬರಹ ಯಾರೊಂದಿಗೋ ಮಾತನಾಡುತ್ತಿದೆ. "ಮೆಂತೆ ತುಪ್ಪದಲ್ಲಿ ಹುರಿ, ಕೆಂಪಾದರೆ ಕಹಿ, ಅಷ್ಟರೊಳಗೆ ಇಳಿಸು." "ಕಾಯಿ ಇಲ್ಲದಿದ್ದರೆ ಬಿಡು, ಮಜ್ಜಿಗೆ ಹೆಚ್ಚು ಹಾಕು." "ಬೆಲ್ಲ ಅಡಿಕೆಯಷ್ಟು. ಉಪ್ಪು ಗೊತ್ತಲ್ಲ." ನಾನು ಓದುತ್ತಿದ್ದಂತೆ ಹುಡುಗಿ ಫೋನಿನಲ್ಲಿ ದನಿ ಮುದ್ರಿಸಿಕೊಂಡು, ಜೊತೆಜೊತೆಗೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದುಕೊಳ್ಳುತ್ತಿದ್ದಳು. ಪಾವು ಎಂದರೇನೆಂದು ಕೇಳಿದಳು. ಸೇರಿನ ಕಾಲುಭಾಗವೆಂದೆ. ಕಿಲೋ, ಲೀಟರುಗಳ ಮೆಟ್ರಿಕ್ ಅಳತೆಯ ಕಾನೂನು ಭಾರತದಲ್ಲಿ 1956ರಲ್ಲಿಯೇ ಬಂದಿದ್ದರೂ ಮಲೆನಾಡಿನ ಅಕ್ಕಿಯ ಮಡಕೆಗಳಲ್ಲಿ ಪಾವು ಬಹುಕಾಲ ಉಳಿಯಿತೆಂದು ವಿವರಿಸಿದೆ. "ಅಡಿಕೆಯಷ್ಟು ಅಂದರೆ ಎಷ್ಟು ಗ್ರಾಂ?" ಎಂಬ ಪ್ರಶ್ನೆಗೆ ಅವಳ ತಾಯಿ ಒಳಗಿನಿಂದ ಅಡಿಕೆಯನ್ನೇ ತಂದು ಅವಳ ಅಂಗೈಯಲ್ಲಿಟ್ಟರು.

ಓದು ಸಾಗಿದಂತೆ ಪಾಠಾಂತರಗಳೂ ಕಾಣಿಸಿಕೊಂಡವು. ಡೈರಿಯ ತಂಬುಳಿಗೆ ಮೆಂತ್ಯ ಮತ್ತು ಕಾಳುಮೆಣಸು. ಹಿಂದಿನ ದಿನ ನಾನು ಉಂಡದ್ದರಲ್ಲಿ ಜೀರಿಗೆಯೂ ಇತ್ತು. "ಜೀರಿಗೆ ನನ್ನ ತವರಿನದು" ಎಂದರು ಗೃಹಿಣಿ. "ಮದುವೆಯಾದ ವರ್ಷ, ವೀಸಾ ಬರುವವರೆಗೆ, ಅತ್ತೆ ಎರಡು ತಿಂಗಳು ನನ್ನನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ಎಲ್ಲವನ್ನೂ ಬಾಯಲ್ಲೇ ಹೇಳಿಕೊಟ್ಟರು. ಒಂದಕ್ಷರ ಬರೆದುಕೊಟ್ಟವರಲ್ಲ. ಈ ಪುಸ್ತಕ ಇದೆ ಎಂದೇ ನನಗೆ ಗೊತ್ತಿರಲಿಲ್ಲ." ಮದುವೆ ಯಾವ ವರ್ಷವೆಂದು ಕೇಳಿದೆ. 1993.

ಆಗ ನನ್ನ ಗಮನ ಅಳತೆಗಳ ಮೇಲೆ ಹರಿಯಿತು. ಗ್ರಂಥಸಂಪಾದನೆಯಲ್ಲಿ ಕೃತಿಯ ಕಾಲವನ್ನೂ ಉದ್ದೇಶವನ್ನೂ ನಿರ್ಣಯಿಸಲು ಹೊರಗಿನ ಸಾಕ್ಷ್ಯ ಸಾಲದಿದ್ದರೆ ಒಳಗಿನ ಸಾಕ್ಷ್ಯವನ್ನು ನೋಡುತ್ತೇವೆ. ಇದು ಹದಿನೈದು ಜನರ ಕೂಡುಕುಟುಂಬದ ಒಲೆ ನೋಡಿಕೊಂಡ ಹೆಂಗಸಿನ ಬರಹ. ತೋಟದ ಆಳುಗಳು, ಬಂದುಹೋಗುವ ನೆಂಟರು ಬೇರೆ. ಅಂಥವರ ಕೈಗೆ ಬರುವ ಅಳತೆ ಸೇರಿನದು. ಡೈರಿಯಲ್ಲಾದರೋ ಸೇರೆಂಬ ಪದ ಒಮ್ಮೆಯೂ ಇಲ್ಲ. ಮೊದಲ ಪುಟದ ಮೊದಲ ಸಾಲು: "ಒಬ್ಬರಿಗೆ ಅರ್ಧ ಪಾವು ಅಕ್ಕಿ." ಮುಂದೆ ಎಲ್ಲಿಯೂ ಆ ಒಬ್ಬರು ಇಬ್ಬರಾಗುವುದಿಲ್ಲ. ತೊವ್ವೆಗೆ ಒಂದು ಹಿಡಿ ಬೇಳೆ, ಪಲ್ಯಕ್ಕೆ ಎಂಟು ಬೀನ್ಸು, ಒಂದು ಸೌಟು ಹುಳಿ. ಅಲ್ಲದೆ ಕ್ರಿಯಾಪದಗಳೆಲ್ಲ ಏಕವಚನದಲ್ಲಿವೆ: ಹುರಿ, ಇಳಿಸು, ಬಿಡು. ಸೊಸೆಯಂದಿರಿಗೋ ನೆರೆಯವರಿಗೋ ಬರೆದ ಪುಸ್ತಕವಲ್ಲ ಇದು. ಒಂದೆಡೆ "ಅಲ್ಲಿ ಒರಳು ಇರಲಿಕ್ಕಿಲ್ಲ, ಬಾಟ್ಲಿಯಿಂದ ಜಜ್ಜು" ಎಂದಿದೆ. ಇನ್ನೊಂದೆಡೆ "ಜ್ವರ ಬಂದಾಗ ಇದೊಂದೇ ಸಾಕು, ಯಾರನ್ನೂ ಕೇಳಬೇಡ" ಎಂದು ಗಂಜಿಯ ಕ್ರಮವಿದೆ. ಬರೆದ ಕೊನೆಯ ಪುಟದಲ್ಲಿ, ಪೆನ್ಸಿಲಿನಲ್ಲಿ, ಕೊಟ್ಟೆ ಕಡುಬು ಎಂಬ ತಲೆಬರಹ. ಅದರ ಕೆಳಗೆ "ಅಲ್ಲಿ ಹಲಸಿನ ಎಲೆ ಎಲ್ಲಿಯದು" ಎಂಬ ಒಂದು ಸಾಲು. ಮುಂದಿನ ಪುಟಗಳು ಖಾಲಿ.

ನಾನು ಕಂಡದ್ದನ್ನು ಹಾಗೆಯೇ ಹೇಳಿದೆ. ಅಡುಗೆ ಬಾರದ ಮಗನೊಬ್ಬ 1991ರಲ್ಲಿ ಒಬ್ಬನೇ ದೂರದೇಶಕ್ಕೆ ಹೋದ. ಅವನಿಗಾಗಿ ತಾಯಿ ಬರೆಯತೊಡಗಿದರು. 1993ರಲ್ಲಿ ಸೊಸೆ ಬಂದಾಗ ಬರಹದ ಅಗತ್ಯ ತೀರಿತು, ಉಳಿದದ್ದನ್ನು ಬಾಯಿಂದಲೇ ದಾಟಿಸಿದರು. ಇದು ಊಹೆಯೇ ಆದರೂ ಒಳಗಿನ ಸಾಕ್ಷ್ಯವೆಲ್ಲ ಒಂದೇ ದಿಕ್ಕಿಗೆ ಬೆರಳು ತೋರುತ್ತದೆ ಎಂದೆ. "ಹಾಗಾದರೆ ಮುಂದಿನ ಪುಟಗಳು ನಾನೇ" ಎಂದು ಗೆಳೆಯನ ಹೆಂಡತಿ ಮೆಲ್ಲಗೆ ಹೇಳಿದರು. ಹುಡುಗಿ ಬರೆಯುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಗೆಳೆಯ ಯಾವಾಗಲೋ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ನಾನು ತಿಳಿದದ್ದು ಅದು ಅಮ್ಮ ತನ್ನ ನೆನಪಿಗೆ ಬರೆದಿಟ್ಟುಕೊಂಡದ್ದು ಎಂದು" ಎಂದ ಅವನು. "ಅದನ್ನು ತೆರೆದರೆ ಅವಳ ಅಡುಗೆಮನೆಗೆ ಅವಳಿಲ್ಲದಾಗ ನುಗ್ಗಿದ ಹಾಗಾಗುತ್ತದೆ ಎಂದು ಮುಟ್ಟಲಿಲ್ಲ." ಕುರ್ಚಿ ಎಳೆದು ಕುಳಿತ. ಆ ಎರಡು ವರ್ಷ ಬಾಡಿಗೆ ಕೋಣೆಯಲ್ಲಿ ಬ್ರೆಡ್ಡು, ಡಬ್ಬಿಯ ಬೀನ್ಸು ತಿಂದುಕೊಂಡಿದ್ದನಂತೆ. ತಿಂಗಳಿಗೊಮ್ಮೆ ಪಕ್ಕದೂರಿನ ಅಂಗಡಿಯ ಫೋನಿಗೆ ಕರೆ ಮಾಡಿದಾಗ ಮೂರು ನಿಮಿಷದೊಳಗೆ ಕೇಳುತ್ತಿದ್ದ ಪ್ರಶ್ನೆ ಊಟ ಆಯಿತಾ ಎಂಬುದೊಂದೇ. "ಆಯಿತು, ಅನ್ನ ಸಾರು ಮಾಡಿಕೊಂಡೆ ಎನ್ನುತ್ತಿದ್ದೆ. ಅವಳು ನಂಬಿರಲಿಲ್ಲ ಎಂದಾಯಿತು."

ಹಾಗಿದ್ದರೆ ಅದನ್ನು ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆಯನ್ನು ಹುಡುಗಿ ಕೇಳಿದಳು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಪಠ್ಯವೊಂದು ತನ್ನ ಓದುಗನನ್ನು ತಲುಪದೆ ಉಳಿಯುವುದಕ್ಕೆ ಸಾಹಿತ್ಯ ಚರಿತ್ರೆಯಲ್ಲಿ ನೂರು ಕಾರಣಗಳನ್ನು ಹುಡುಕಬಹುದು. ಅಂಚೆಗೆ ಹಾಕಲು ಪೇಟೆಗೆ ಯಾರು ಹೋಗಬೇಕೆಂಬುದೂ ಒಂದು ಕಾರಣವಿರಬಹುದು. ಪೂರ್ತಿಯಾಗಲೆಂದು ಕಾದದ್ದೂ ಇರಬಹುದು. ನಮ್ಮ ಹಳ್ಳಿಗಳ ಹೆಂಗಸರು ತಮ್ಮ ಅಕ್ಷರದ ಬಗ್ಗೆ ಇಟ್ಟುಕೊಂಡಿರುವ ನಾಚಿಕೆಯೂ ಕಾರಣವಿರಬಹುದು. ಎಂಜಿನಿಯರ್ ಮಗನಿಗೆ ಆ ಅರೆಬರೆ ಒತ್ತಕ್ಷರಗಳನ್ನು ಕಳಿಸಲು ಹಿಂಜರಿದಿದ್ದಾರು. ಊಹೆಗಳನ್ನು ಅಲ್ಲಿಗೇ ಬಿಡುವುದು ಸಂಶೋಧಕನಿಗೆ ತಕ್ಕದ್ದು.

ಮೂರನೆಯ ದಿನ ಮಧ್ಯಾಹ್ನ ಅಡುಗೆ ಮಾಡಿದವನು ಗೆಳೆಯ. ಮೂವತ್ತು ವರ್ಷಗಳಲ್ಲಿ ಒಲೆಯ ಮುಂದೆ ಅವನು ಚಹಾ ಬಿಟ್ಟರೆ ಬೇರೇನನ್ನೂ ಮಾಡಿದ್ದನ್ನು ಕಂಡಿಲ್ಲವೆಂದು ಹೆಂಡತಿ ಹೇಳಿದರು. ಡೈರಿಯನ್ನು ಅವನೇ ಹಿಡಿದುಕೊಂಡಿದ್ದ. ಅಕ್ಷರ ಬಿಡಿಸಲಾಗದ ಕಡೆ ನನ್ನನ್ನು ಕೇಳುತ್ತಿದ್ದ. ನಾಲ್ಕು ಜನರಿಗೆ ಎರಡು ಪಾವು ಅಕ್ಕಿ ಹಾಕಬೇಕಿತ್ತು. ಅವನು ಬರೆದಂತೆಯೇ ಅರ್ಧ ಪಾವು ಅಳೆದ. ಯಾರೂ ತಿದ್ದಲಿಲ್ಲ. ಮೆಂತ್ಯ ಸ್ವಲ್ಪ ಹೆಚ್ಚೇ ಕೆಂಪಾಯಿತು. "ಅಮ್ಮ ಹೇಳಿದ್ದಾಳೆ, ಆದರೂ ಕೈ ಕೇಳಲಿಲ್ಲ" ಎಂದ. ತಂಬುಳಿ ಕಹಿಯಾಗಿತ್ತು. ಆ ಒಬ್ಬರ ಅನ್ನವನ್ನು ನಾಲ್ವರು ಹಂಚಿಕೊಂಡು ಉಂಡೆವು. ಆಮೇಲೆ ಗೃಹಿಣಿ ತಾವು ಮೊದಲೇ ಮಾಡಿಟ್ಟಿದ್ದ ಚಿತ್ರಾನ್ನವನ್ನು ತಂದು ಬಡಿಸಿದರು. ಚಿತ್ರಾನ್ನದ ಹುಳಿಯೂ ಬ್ರಾಮ್ಲಿ ಸೇಬಿನದೇ.

ಬ್ರೈಟನ್ನಿನ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿ ಪಾಟ್ನಾ ಮೂಲದ ಶೇಖ್ ದೀನ್ ಮಹಮದ್ ಎಂಬವರ ಸಮಾಧಿಯಿದೆ. 1794ರಲ್ಲಿ ಇಂಗ್ಲಿಷಿನಲ್ಲಿ ಪ್ರವಾಸ ಗ್ರಂಥ ಪ್ರಕಟಿಸಿ, ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೊದಲ ಭಾರತೀಯರೆನಿಸಿದವರು. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಮನೆಯೊಂದನ್ನು ತೆರೆದು, ಎರಡೇ ವರ್ಷಗಳಲ್ಲಿ ದಿವಾಳಿಯಾದರು. ಬಳಿಕ ಈ ಪಟ್ಟಣಕ್ಕೆ ಬಂದು ಆವಿಸ್ನಾನ, ಅಂಗಮರ್ದನಗಳ ಚಿಕಿತ್ಸೆಯಿಂದ ಹೆಸರುವಾಸಿಯಾಗಿ, ಇಬ್ಬರು ರಾಜರ ಸೇವೆಯನ್ನೂ ಮಾಡಿ 1851ರಲ್ಲಿ ತೀರಿಕೊಂಡರು. ಹೊರಡುವ ದಿನ ಹುಡುಗಿ ನನ್ನನ್ನು ಆ ಸಮಾಧಿಯ ಬಳಿ ಕರೆದೊಯ್ದಳು. ಅವರ ಊಟದ ಮನೆ ಯಾಕೆ ನಡೆಯಲಿಲ್ಲವೋ ಎಂದಳು. ಭಾರತದ ರುಚಿ ಕಂಡು ಮರಳಿದ ಸಾಹೇಬರ ಮನೆಗಳಲ್ಲಿ ಅಡುಗೆಯವರು ಇದ್ದೇ ಇದ್ದರು, ಅವರಿಗೆ ಹೊರಗೆ ಹೋಗಿ ಉಣ್ಣುವ ಅಗತ್ಯ ಇದ್ದಿರಲಾರದು ಎಂದೆ. ಅವಳು ತುಸು ಹೊತ್ತು ಯೋಚಿಸಿ, ಕನ್ನಡ ಅಕ್ಷರ ಕಲಿಯಲು ಎಷ್ಟು ದಿನ ಬೇಕಾಗಬಹುದೆಂದು ಕೇಳಿದಳು. ಮುದ್ರಿತ ಅಕ್ಷರಕ್ಕೆ ಒಂದು ತಿಂಗಳು ಸಾಕು, ಅಜ್ಜಿಯ ಅಕ್ಷರಕ್ಕೆ ಇನ್ನೂ ಹೆಚ್ಚು ಎಂದೆ.

ಊರಿಗೆ ಮರಳಿದ ಮೇಲೆ ಡೈರಿಯ ಛಾಯಾಪ್ರತಿಯನ್ನು ಮುಂದಿಟ್ಟುಕೊಂಡು ಅದನ್ನು ಪೂರ್ತಿಯಾಗಿ ಲಿಪ್ಯಂತರ ಮಾಡಿ, ಎಡಪುಟದಲ್ಲಿ ಆಕೆಯ ಬರಹ, ಬಲಪುಟದಲ್ಲಿ ದೊಡ್ಡ ಅಕ್ಷರಗಳ ಶುದ್ಧಪ್ರತಿ ಬರುವಂತೆ ಸಿದ್ಧಪಡಿಸಿ ಕಳಿಸಿದ್ದೇನೆ. ಆಕೆಯ ಕಾಗುಣಿತವನ್ನು ತಿದ್ದಿಲ್ಲ. ಪಾವು, ಚಟಾಕು, ಸೌಟುಗಳಿಗೆ ಟಿಪ್ಪಣಿ ಬರೆದಿದ್ದೇನೆ. ಸೊಸೆ ಬಾಯಿಪಾಠದಲ್ಲಿ ಉಳಿಸಿಕೊಂಡ ಜೀರಿಗೆ ಮುಂತಾದ ಪಾಠಾಂತರಗಳನ್ನು ಪುಟದ ಕೆಳಗೆ ದಾಖಲಿಸಿದ್ದೇನೆ. ಖಾಲಿ ಉಳಿದ ಪುಟಗಳನ್ನು ಖಾಲಿಯಾಗಿಯೇ ಸೇರಿಸಿದ್ದೇನೆ. ಅವುಗಳಲ್ಲಿ ಬರೆಯುವ ಹಕ್ಕುಳ್ಳವರು ಆ ಮನೆಯಲ್ಲಿದ್ದಾರೆ. "ಉಪ್ಪು ಗೊತ್ತಲ್ಲ" ಎಂಬ ಮಾತು ಡೈರಿಯಲ್ಲಿ ಹನ್ನೊಂದು ಕಡೆ ಬರುತ್ತದೆ. ಅದಕ್ಕೆ ಯಾವ ಟಿಪ್ಪಣಿಯನ್ನೂ ಕೊಟ್ಟಿಲ್ಲ.